ಹೋಬೋಕನ್: ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಜನ ಏಕೆ?

ತುಂಗಾತೀರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ ಕೆಲಸ ಸಿಕ್ಕಿದ್ದು, ಅದರ ಎದುರಿಗೆ ಹಡ್ಸನ್ ನದಿಯ ಆಚೆ ದಡದಲ್ಲಿ, ನ್ಯೂಜೆರ್ಸಿಗೆ ಸೇರಿದ ಹೋಬೋಕನ್‌ನಲ್ಲಿ ಬಾಡಿಗೆ ಮನೆ ಹಿಡಿಯುವ ಯೋಚನೆಯಲ್ಲಿದ್ದಾಳೆ. ಮೂರು ಚದರ ಕಿಲೋಮೀಟರಿಗಿಂತ ತುಸುವೇ ಹೆಚ್ಚಿರುವ ನೆಲದಲ್ಲಿ 2020ರ ಜನಗಣತಿಯಂತೆ 60,419 ಜನರಿದ್ದಾರೆ ಎಂದು ಓದಿ ಗಾಬರಿಯಾಯಿತು. ಅಷ್ಟು ಜನ ಅಲ್ಲಿ ಸೇರಲು ಕಾರಣವೇನು, ನದಿ ಉಕ್ಕಿದರೆ ಗತಿಯೇನು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಹಡ್ಸನ್ ಕನ್ನಡಿಗ:
ಕಾರಣ ಸಾರಿಗೆ. ಊರಿನ ದಕ್ಷಿಣ ತುದಿಯಲ್ಲಿ 1907ರಲ್ಲಿ ಕಟ್ಟಿದ, ತಾಮ್ರದ ಹೊದಿಕೆ ಹಸಿರುಗಟ್ಟಿರುವ ರೈಲು ನಿಲ್ದಾಣವಿದೆ. ಅಲ್ಲಿ ನ್ಯೂಜೆರ್ಸಿಯ ಒಳನಾಡಿನ ರೈಲುಗಳು, ಲೈಟ್ ರೈಲು (ಟ್ರಾಮಿನಂಥ ಹಗುರ ರೈಲು), ಬಸ್ಸು, ದೋಣಿ ಎಲ್ಲವೂ ಕೂಡುತ್ತವೆ. ನದಿಯಡಿಯ ಸುರಂಗದಲ್ಲಿ 1908ರಿಂದ ಓಡುತ್ತಿರುವ, ಈಗ ಪಾಥ್ ಎಂದು ಕರೆಯುವ ರೈಲು ಕಾಲು ಗಂಟೆಯಲ್ಲಿ ಮ್ಯಾನ್‌ಹಟನ್‌ನ ನಡುಭಾಗಕ್ಕೆ ತಲುಪಿಸುತ್ತದೆ. ಮುಖ್ಯ ಬೀದಿಯಾದ ವಾಷಿಂಗ್ಟನ್ ಸ್ಟ್ರೀಟ್‌ನ ಅಕ್ಕಪಕ್ಕ ಹೆಚ್ಚಿನವು ಒಂದಕ್ಕೊಂದು ಗೋಡೆ ಅಂಟಿಕೊಂಡ ನಾಲ್ಕೈದು ಅಂತಸ್ತಿನ ಇಟ್ಟಿಗೆ ಕಟ್ಟಡಗಳು, ಗಗನಚುಂಬಿಗಳಲ್ಲ. ನಿಮ್ಮ ಮಗಳಿಗೆ ಕಾರು ಬೇಡ, ಇದ್ದರೆ ನಿಲ್ಲಿಸಲು ಜಾಗ ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ. ಅಡ್ಡರಸ್ತೆಗಳ ಮೂಲೆಯಲ್ಲಿ ವಾಹನ ನಿಲ್ಲದಂತೆ ಕಂಬ ನೆಟ್ಟು ನೋಟ ತೆರವು ಮಾಡಿರುವುದರಿಂದ ರಸ್ತೆ ದಾಟುವುದೂ ನಿರಾತಂಕ.

ಹಳೆಯ ನಕ್ಷೆ:
ಮೇಲಿನವರು ಹೇಳಿದ್ದು ಸರಿ, ಆದರೆ ಅದು ಅರ್ಧ ಕಥೆ. ಈ ದಟ್ಟಣೆ ಮ್ಯಾನ್‌ಹಟನ್‌ನಲ್ಲಿ ದುಡಿಯುವ ಇಂದಿನ ನೌಕರರಿಂದ ಹುಟ್ಟಿದ್ದಲ್ಲ. 1910ರಲ್ಲಿ ಇಲ್ಲಿ 70,324 ಜನರಿದ್ದರು. ಜರ್ಮನ್ ಹಡಗು ಕಂಪನಿಗಳ ಧಕ್ಕೆಗಳಲ್ಲಿ ದುಡಿಯುವವರು, ಇಟಲಿ, ಐರ್ಲೆಂಡಿನಿಂದ ಬಂದವರು ಇದೇ ಮನೆಗಳಲ್ಲಿ ಕಿಕ್ಕಿರಿದಿದ್ದರು. ಒಂದನೇ ಮಹಾಯುದ್ಧದಲ್ಲಿ ಆ ಧಕ್ಕೆಗಳನ್ನು ಅಮೆರಿಕ ಸರ್ಕಾರ ವಶಪಡಿಸಿಕೊಂಡು, ಅಲ್ಲಿಂದಲೇ ಲಕ್ಷಾಂತರ ಸೈನಿಕರನ್ನು ಯುರೋಪಿಗೆ ಕಳುಹಿಸಿತು. ಮುಂದೆ ಹಡಗಿನ ಸರಕು ವಿಶಾಲವಾದ ಕಂಟೇನರ್ ಬಂದರುಗಳಿಗೆ ಸರಿದು, ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿ, 1990ರ ವೇಳೆಗೆ ಜನಸಂಖ್ಯೆ 33,397ಕ್ಕೆ ಕುಸಿದಿತ್ತು. ಇಂದಿನದು ಎರಡನೆಯ ಭರ್ತಿ, ಅದೂ ದುಬಾರಿ ಭರ್ತಿ. ಮಧ್ಯೆ ಬಾಡಿಗೆ ಏರಿ, ಹಳೆಯ ಕಟ್ಟಡಗಳಿಗೆ ಬೆಂಕಿ ಬಿದ್ದು, ಮನೆ ಕಳೆದುಕೊಂಡ ಪೋರ್ಟೊ ರಿಕೊ ಮೂಲದ ಬಡ ಕುಟುಂಬಗಳ ನೆನಪು ಹೊಸಬರಿಗೆ ಇರುವುದು ಅಪರೂಪ. ಅಂದಹಾಗೆ, ಅಮೆರಿಕದಲ್ಲಿ ಇದಕ್ಕಿಂತ ದಟ್ಟವಾದ ಗುಟೆನ್‌ಬರ್ಗ್, ಯೂನಿಯನ್ ಸಿಟಿಗಳು ಹೋಬೋಕನ್ ಇರುವ ಇದೇ ಹಡ್ಸನ್ ಕೌಂಟಿಯಲ್ಲಿವೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ).

ನೀರುಗಂಟಿ:
ನೆರೆಯ ವಿಷಯ ನಾನು ಹೇಳುತ್ತೇನೆ. 2012ರ ಅಕ್ಟೋಬರ್ 29ರ ಸ್ಯಾಂಡಿ ಚಂಡಮಾರುತದಲ್ಲಿ ನೀರು ಬಂದದ್ದು ಎದುರಿನಿಂದಲ್ಲ. ನದಿಯಂಚಿನ ನಡುವೆ ಸ್ಟೀವನ್ಸ್ ವಿದ್ಯಾಸಂಸ್ಥೆ ಇರುವ ಬಂಡೆಗುಡ್ಡ ಎತ್ತರದಲ್ಲಿದೆ. ಉತ್ತರ, ದಕ್ಷಿಣ ತುದಿಗಳ ತಗ್ಗಿನಿಂದ ನುಗ್ಗಿದ ನೀರು, ಹಿಂದೊಮ್ಮೆ ಜೌಗಾಗಿದ್ದ ಪಶ್ಚಿಮ ಭಾಗದಲ್ಲಿ ಬೋಗುಣಿಯಲ್ಲಿ ನಿಂತಂತೆ ನಿಂತಿತು. ಪಾಥ್ ನಿಲ್ದಾಣ ಡಿಸೆಂಬರಿನವರೆಗೂ ಮುಚ್ಚಿತ್ತು. ಮಳೆನೀರೂ ಒಳಚರಂಡಿಯೂ ಒಂದೇ ಕೊಳವೆಯಲ್ಲಿ ಹರಿಯುವುದರಿಂದ, ನದಿಯಲ್ಲಿ ಉಬ್ಬರವಿದ್ದಾಗ ಜೋರು ಮಳೆ ಬಂದರೂ ಸಾಕು, ಪಶ್ಚಿಮ ಭಾಗದ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಈಗ ತಡೆಗೋಡೆಗಳ ಯೋಜನೆ ಕೈಗೊಂಡಿದ್ದಾರೆ. 2023ರಲ್ಲಿ ತೆರೆದ ಐದು ಎಕರೆಯ ರೆಸಿಲಿಯನ್‌ಸಿಟಿ ಪಾರ್ಕ್ ಸುಮಾರು 20 ಲಕ್ಷ ಗ್ಯಾಲನ್ ಮಳೆನೀರನ್ನು ಹಿಡಿದಿಡಬಲ್ಲದು.

ತುಂಗಾತೀರ:
ಮೂವರಿಗೂ ಧನ್ಯವಾದಗಳು. ಅವಳು ನೋಡಿರುವ ಮನೆ ಪಶ್ಚಿಮದ ಲೈಟ್ ರೈಲು ಮಾರ್ಗದ ಬಳಿ, ನೆಲಮಹಡಿಯಲ್ಲಿದೆ, ಬಾಡಿಗೆಯೂ ಕಡಿಮೆ.

ನೀರುಗಂಟಿ:
ಬಾಡಿಗೆ ಕಡಿಮೆಯಿರಲು ಅದೇ ಕಾರಣವಿರಬಹುದು ಸರ್. ಮನೆಗೆ ಹಿಂದೆ ನೆರೆ ನುಗ್ಗಿತ್ತೇ ಎಂಬುದನ್ನು ಬಾಡಿಗೆದಾರರಿಗೆ ಬರಹದಲ್ಲಿ ತಿಳಿಸಬೇಕೆಂಬ ಕಾನೂನು ನ್ಯೂಜೆರ್ಸಿಯಲ್ಲಿ 2024ರಿಂದ ಜಾರಿಯಲ್ಲಿದೆ. ಕರಾರಿಗೆ ಸಹಿ ಹಾಕುವ ಮೊದಲು ಆ ಪತ್ರವನ್ನು ಕೇಳಿ ಪಡೆಯಲಿ. ಅದೇ ಬೀದಿಯಲ್ಲಿ ಎರಡನೆಯ ಮಹಡಿ ಸಿಕ್ಕರೆ ಇನ್ನೂ ಒಳ್ಳೆಯದು.