ದಿಗಂತ ಸಪಾಟಾಗಿ ಕಾಣುವುದು ಚಪ್ಪಟೆ ಭೂಮಿಗೆ ಸಾಕ್ಷಿಯೇ? ಬೇರೆ ಗ್ರಹಗಳ ಮಾತೇನು?

ಜಿಜ್ಞಾಸು (ಪ್ರಶ್ನೆ):

ಭೂಮಿ ಚಪ್ಪಟೆಯೆಂದು ನಂಬುವ ಮಿತ್ರರೊಬ್ಬರೊಂದಿಗೆ ನನ್ನ ಚರ್ಚೆ ನಡೆದಿದೆ. ಅವರು ಸಿಡುಕುವವರಲ್ಲ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಗೇಲಿ ಮಾಡದೆ ಸರಿಯಾದ ಉತ್ತರ ಕೊಡಬೇಕೆಂಬುದು ನನ್ನ ಇಚ್ಛೆ. ಎಷ್ಟೇ ಎತ್ತರಕ್ಕೆ ಹೋದರೂ ದಿಗಂತ ಕಣ್ಣಿನ ಮಟ್ಟಕ್ಕೇ ಏರಿ ಬರುತ್ತದೆ, ಭೂಮಿ ಗೋಳವಾಗಿದ್ದರೆ ಅದು ಕೆಳಗಿಳಿಯಬೇಕಿತ್ತು ಎಂಬುದು ಅವರ ಮೊದಲ ವಾದ. ಗೋಳದ ಲೆಕ್ಕದಂತೆ ಮರೆಯಾಗಿರಬೇಕಾದ ದೂರದ ದ್ವೀಪಗಳೂ ದೀಪಸ್ತಂಭಗಳೂ ಕ್ಯಾಮೆರಾದ ಜೂಮ್‌ನಲ್ಲಿ ಕಾಣುತ್ತವೆ ಎಂದೂ ಸೇರಿಸುತ್ತಾರೆ. ಇನ್ನು ಗ್ರಹಗಳು ಅವರ ಪ್ರಕಾರ ಆಕಾಶದಲ್ಲಿ ಅಲೆಯುವ ಬೆಳಕುಗಳಷ್ಟೇ; ಒಂದು ವೇಳೆ ಅವು ಗುಂಡಗಿದ್ದರೂ ಭೂಮಿಯೂ ಗುಂಡಗಿರಲೇಬೇಕೆಂದಿಲ್ಲ. ಈ ಕೊನೆಯ ಮಾತಿನಲ್ಲಿ ತರ್ಕವಿದೆ ಎಂದು ನನಗೂ ಅನ್ನಿಸುತ್ತದೆ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಸಮಮಟ್ಟ (ಉತ್ತರ):

ಗೋಳವಾದರೆ ದಿಗಂತ ಇಳಿಯಬೇಕು ಎಂಬ ಮಾತು ಸರಿಯಾಗಿಯೇ ಇದೆ, ಮತ್ತು ಅದು ಇಳಿಯುತ್ತದೆ. ನಿಮ್ಮ ಮಿತ್ರರು ಅದನ್ನು ಅಳೆಯದೆ ಕಣ್ಣಂದಾಜಿನಲ್ಲಿ ತೀರ್ಪು ಕೊಡುತ್ತಿದ್ದಾರೆ ಎಂಬುದೇ ತೊಡಕು. ಸಮುದ್ರದ ದಡದಲ್ಲಿ ನಿಂತವರ ಕಣ್ಣು ನೀರಿನಿಂದ 1.7 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 4.7 ಕಿ.ಮೀ. ದೂರದಲ್ಲಿರುತ್ತದೆ, ಇಳಿವು 0.04 ಡಿಗ್ರಿಯಷ್ಟು, ಬರಿಗಣ್ಣಿಗೆ ಎಟುಕದ್ದು. 10 ಕಿ.ಮೀ. ಎತ್ತರದ ವಿಮಾನದಿಂದ ಅದು 3 ಡಿಗ್ರಿ ದಾಟುತ್ತದೆ, ಆದರೆ ಕಿಟಕಿಯಲ್ಲಿ ಸಮಮಟ್ಟ ಯಾವುದೆಂದು ತೋರಿಸುವ ಗೆರೆ ಇರುವುದಿಲ್ಲವಾದ್ದರಿಂದ ನೋಡುವವರಿಗೆ ಗೊತ್ತಾಗುವುದಿಲ್ಲ.

ಆ ಗೆರೆಯನ್ನು ಮಾಡಿಕೊಳ್ಳುವುದು ಕಷ್ಟವಲ್ಲ. ಪಾರದರ್ಶಕ ಕೊಳವೆಯೊಂದನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ, ಬಣ್ಣದ ನೀರು ತುಂಬಿಸಿ, ಎರಡು ತೋಳುಗಳ ನೀರಿನ ಮಟ್ಟ ಒಂದರ ಹಿಂದೊಂದು ಕೂಡುವಂತೆ ಕಣ್ಣಿಟ್ಟು, ಸಮುದ್ರ ಕಾಣುವ ಎತ್ತರದ ಬೆಟ್ಟದಿಂದ ನೋಡಬೇಕು. 1,000 ಮೀಟರ್ ಎತ್ತರದಿಂದಾದರೆ ದಿಗಂತ ಆ ಗೆರೆಗಿಂತ ಸುಮಾರು 1 ಡಿಗ್ರಿ, ಅಂದರೆ ಎರಡು ಪೂರ್ಣಚಂದ್ರರಷ್ಟು, ಕೆಳಗಿರುತ್ತದೆ.

ನಾವಿಕರಿಗೆ ಇದು ವಾದದ ವಿಷಯವೇ ಅಲ್ಲ. ಕೋನ ಅಳೆಯುವ ಉಪಕರಣವಾದ ಸೆಕ್ಸ್‌ಟೆಂಟಿನಿಂದ ನಕ್ಷತ್ರದ ಎತ್ತರವನ್ನು ಅಳೆದ ಮೇಲೆ ದಿಗಂತದ ಇಳಿವನ್ನು ಕಳೆಯುವುದು ಅವರ ನಿತ್ಯದ ಲೆಕ್ಕ. ಕಣ್ಣು ನೀರಿನಿಂದ 10 ಮೀಟರ್ ಮೇಲಿದ್ದಾಗ ಆ ತಿದ್ದುಪಡಿಯನ್ನು ಬಿಟ್ಟರೆ ಹಡಗಿನ ಸ್ಥಾನದ ಲೆಕ್ಕ ಸುಮಾರು 10 ಕಿ.ಮೀ.ವರೆಗೆ ತಪ್ಪುತ್ತದೆ. 11ನೇ ಶತಮಾನದಲ್ಲಿ ವಿದ್ವಾಂಸ ಅಲ್ ಬಿರೂನಿ ಇಂದಿನ ಪಾಕಿಸ್ತಾನದಲ್ಲಿರುವ ನಂದನಾ ಕೋಟೆಯ ಬಳಿಯ ಬೆಟ್ಟದ ಮೇಲಿಂದ ಇದೇ ಇಳಿವನ್ನು ಅಳೆದು, ಅದರಿಂದಲೇ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದ್ದ.

ಲೆಕ್ಕಿಗ (ಉತ್ತರ):

ಜೂಮ್ ವಿಷಯಕ್ಕೆ ಬರುತ್ತೇನೆ. ಚಪ್ಪಟೆವಾದಿಗಳು ಬಳಸುವ ಸೂತ್ರ "ಮೈಲಿಯ ವರ್ಗಕ್ಕೆ 8 ಇಂಚು" ಎಂಬುದು, ಅಂದರೆ ಮೈಲಿಗಳಲ್ಲಿನ ದೂರದ ವರ್ಗವನ್ನು 8 ಇಂಚಿನಿಂದ ಗುಣಿಸುವುದು. ಅದು ಹೇಳುವುದು ಕಣ್ಣನ್ನು ನೀರಿನ ಮೇಲ್ಮೈಗೇ ತಾಗಿಸಿ ನೋಡಿದಾಗಿನ ಮರೆಯನ್ನು. ಹಾಗೆ ಯಾರೂ ಚಿತ್ರ ತೆಗೆಯುವುದಿಲ್ಲ. 40 ಕಿ.ಮೀ. ದೂರದ ದೀಪಸ್ತಂಭವನ್ನೇ ತೆಗೆದುಕೊಳ್ಳಿ. ಆ ಸೂತ್ರದಂತೆ ಅದರ ಕೆಳಗಿನ ಸುಮಾರು 125 ಮೀಟರ್ ಮರೆಯಾಗಬೇಕು. ಕ್ಯಾಮೆರಾ 10 ಮೀಟರ್ ಎತ್ತರದಲ್ಲಿದ್ದರೆ ದಿಗಂತವೇ 11.3 ಕಿ.ಮೀ. ಆಚೆಗಿರುತ್ತದೆ, ಮರೆಯ ಲೆಕ್ಕ ಉಳಿದ 28.7 ಕಿ.ಮೀ.ಗೆ ಮಾತ್ರ ಅನ್ವಯಿಸಿ 65 ಮೀಟರಿಗೆ ಇಳಿಯುತ್ತದೆ. ಬೆಳಕು ಗಾಳಿಯಲ್ಲಿ ತುಸು ಬಾಗುವುದನ್ನೂ ಸೇರಿಸಿದರೆ ಸಾಮಾನ್ಯ ಹವೆಯಲ್ಲಿ ಅದು 52 ಮೀಟರಿನ ಆಸುಪಾಸು. ತಣ್ಣನೆಯ ನೀರಿನ ಮೇಲೆ ಬೆಚ್ಚನೆಯ ಗಾಳಿಯಿದ್ದರೆ ಇನ್ನೂ ಕಡಿಮೆ. ಹೀಗಿರುವಾಗ "ಕಾಣಬಾರದ್ದು ಕಂಡಿತು" ಎನ್ನುವ ಚಿತ್ರಗಳಲ್ಲಿ ಮೊದಲು ಕೇಳಬೇಕಾದದ್ದು ಕ್ಯಾಮೆರಾದ ಎತ್ತರವನ್ನು, ಆಮೇಲೆ ವಸ್ತುವಿನ ಬುಡ ಕಾಣುತ್ತಿದೆಯೇ ಎಂಬುದನ್ನು. ದೂರದಿಂದ ಸಣ್ಣದಾಗಿ ಕಂಡದ್ದನ್ನು ಜೂಮ್ ದೊಡ್ಡದಾಗಿಸುತ್ತದೆಯೇ ಹೊರತು, ನೀರಿನ ಉಬ್ಬಿನ ಹಿಂದೆ ಇಳಿದ ಹಡಗಿನ ಒಡಲನ್ನು ಮೇಲೆತ್ತಿ ಕೊಡುವುದಿಲ್ಲ.

ಈ ಜಗಳ ಹಳೆಯದು. ಇಂಗ್ಲೆಂಡಿನ ಬೆಡ್‌ಫರ್ಡ್ ಕಾಲುವೆಯಲ್ಲಿ 1838ರಲ್ಲಿ ಸ್ಯಾಮ್ಯುಯೆಲ್ ರೌಬಾಥಮ್ ನೀರಿಗೆ ತೀರ ಹತ್ತಿರ ಕಣ್ಣಿಟ್ಟು ದೋಣಿಯೊಂದನ್ನು ನೋಡಿ ನೀರು ಚಪ್ಪಟೆಯೆಂದು ಸಾರಿದ. ಬೆಳಕು ಅತಿ ಹೆಚ್ಚು ಬಾಗುವುದು ನೀರಿಗೆ ಅಷ್ಟು ಹತ್ತಿರದಲ್ಲಿಯೇ. 1870ರಲ್ಲಿ ಚಪ್ಪಟೆವಾದಿ ಜಾನ್ ಹ್ಯಾಂಪ್ಡನ್ 500 ಪೌಂಡುಗಳ ಪಣ ಒಡ್ಡಿದಾಗ ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಅದೇ ಕಾಲುವೆಯ ಸುಮಾರು 6 ಮೈಲಿ ಉದ್ದಕ್ಕೆ, ನೀರಿನಿಂದ ಸಾಕಷ್ಟು ಮೇಲೆ, ಒಂದೇ ಎತ್ತರದಲ್ಲಿ ಗುರುತುಗಳನ್ನು ಇಟ್ಟ. ದೂರದರ್ಶಕದಲ್ಲಿ ನಡುವಿನ ಗುರುತು ಮೇಲೆದ್ದು ಕಂಡಿತು. ಹ್ಯಾಂಪ್ಡನ್ ಒಪ್ಪಲಿಲ್ಲ; ವರ್ಷಗಟ್ಟಲೆ ವಾಲೇಸನನ್ನು ನಿಂದಿಸಿ ಮಾನಹಾನಿಗಾಗಿ ಜೈಲನ್ನೂ ಕಂಡ. ನಿಮ್ಮ ಮಿತ್ರರು ಕೇಳಿಸಿಕೊಳ್ಳುವವರು ಎಂದಿದ್ದೀರಿ, ಅದು ದೊಡ್ಡ ಪುಣ್ಯ.

ನಭೋವೀಕ್ಷಕ (ಉತ್ತರ):

ಗ್ರಹಗಳು ಗುಂಡಗಿವೆ ಎಂಬುದರಿಂದ ಭೂಮಿ ಗುಂಡಗಿದೆ ಎಂದು ನೇರವಾಗಿ ಸಾಧಿಸಲಾಗದು, ಒಪ್ಪಿದೆ. ಆದರೆ ಅವು ಬರಿಯ ಬೆಳಕುಗಳು ಎಂಬುದನ್ನು ಸಣ್ಣ ದೂರದರ್ಶಕವೇ ಅಲ್ಲಗಳೆಯುತ್ತದೆ. ಗುರುವಿನ ಸುತ್ತ 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಉಪಗ್ರಹಗಳು ಇಂದಿಗೂ ಯಾರಿಗಾದರೂ ಕಾಣುತ್ತವೆ. ಸ್ವಲ್ಪ ಉತ್ತಮ ದೂರದರ್ಶಕದಲ್ಲಿ ಅವುಗಳ ನೆರಳು ಗುರುವಿನ ಮುಖದ ಮೇಲೆ ಕಪ್ಪು ಚುಕ್ಕೆಯಾಗಿ ಸರಿಯುವುದನ್ನೂ ನೋಡಬಹುದು. ಬೆಳಕಿನ ಮೇಲೆ ನೆರಳು ಬೀಳುವುದುಂಟೇ? ಶುಕ್ರ ಚಂದ್ರನಂತೆಯೇ ವೃದ್ಧಿ ಕ್ಷಯಗಳನ್ನು ತೋರುತ್ತದೆ, ತೆಳು ಬಿಲ್ಲಿನಂತಿರುವಾಗ ಅದರ ಗಾತ್ರ ಪೂರ್ಣಬಿಂಬದ ಕಾಲಕ್ಕಿಂತ ಸುಮಾರು 6 ಪಟ್ಟು ದೊಡ್ಡದಾಗಿ ಕಾಣುತ್ತದೆ. ಸೂರ್ಯನನ್ನು ಸುತ್ತುತ್ತ ನಮಗೆ ಹತ್ತಿರ, ದೂರ ಆಗುವ ಗೋಳ ಮಾತ್ರ ಹೀಗೆ ಕಂಡೀತು.

ಗುಂಡಗಿನ ಕಾರಣವನ್ನೂ ಮಿತ್ರರ ಮುಂದಿಡಿ. ಮಂಗಳನ ಉಪಗ್ರಹ ಫೋಬೋಸ್ ಉದ್ದದಲ್ಲಿ 27 ಕಿ.ಮೀ. ಮಾತ್ರ, ಅದು ಆಲೂಗಡ್ಡೆಯಂತೆ ಅಡ್ಡಾದಿಡ್ಡಿಯಾಗಿದೆ. ಸುಮಾರು 940 ಕಿ.ಮೀ. ವ್ಯಾಸದ ಕುಬ್ಜಗ್ರಹ ಸೆರೆಸ್ ಗುಂಡಗಿದೆ. ಕಾಯ ದೊಡ್ಡದಾದಂತೆ ಅದರ ಗುರುತ್ವ ಕಲ್ಲನ್ನೂ ಕೇಂದ್ರದತ್ತ ಜಗ್ಗಿ ಸಮಗೊಳಿಸುತ್ತದೆ. 12,700 ಕಿ.ಮೀ. ವ್ಯಾಸದ ಭೂಮಿಯೊಂದೇ ಇದಕ್ಕೆ ಹೊರತು ಎನ್ನುವವರು ಕಾರಣ ಕೊಡಬೇಕು. ನೇರ ಸಾಕ್ಷಿಯೇ ಬೇಕೆಂದರೆ ಚಂದ್ರಗ್ರಹಣವಿದೆ: ಚಂದ್ರನನ್ನು ಮರೆಮಾಡುವುದು ಭೂಮಿಯ ನೆರಳೆಂದು ಆರ್ಯಭಟನೂ ಹೇಳಿದ್ದಾನೆ. ಗ್ರಹಣ ಚಂದ್ರೋದಯಕ್ಕೆ ಆಗಲಿ ನಡುರಾತ್ರಿಗೆ ಆಗಲಿ, ನೆರಳಿನ ಅಂಚು ಯಾವಾಗಲೂ ವೃತ್ತದ ಭಾಗವೇ. ತಟ್ಟೆಯಾಗಿದ್ದರೆ ಓರೆಯಾಗಿ ಬೆಳಕು ಬಿದ್ದಾಗ ಅದು ಉದ್ದನೆಯ ಪಟ್ಟಿಯಾಗಬೇಕಿತ್ತು.

ಜಿಜ್ಞಾಸು:

ಎಲ್ಲರಿಗೂ ಧನ್ಯವಾದಗಳು. ಒಂದೇ ಒಂದು ಉಳಿದಿದೆ: ಸೂರ್ಯ ಮುಳುಗುವುದಿಲ್ಲ, ಬಹು ದೂರ ಸರಿದುದರಿಂದ ದಿಗಂತಕ್ಕೆ ಇಳಿದಂತೆ ತೋರುತ್ತಾನೆ ಎಂದು ಅವರು ಹೇಳಿದರೆ?

ಲೆಕ್ಕಿಗ:

ದೂರ ಸರಿದರೆ ಬಿಂಬ ಚಿಕ್ಕದಾಗಬೇಕು. ತಕ್ಕ ಸೌರ ಫಿಲ್ಟರ್ ಹಾಕಿ ಮಧ್ಯಾಹ್ನ ಒಂದು, ಸಂಜೆ ಒಂದು ಚಿತ್ರ ತೆಗೆದು ಹೋಲಿಸಲಿ. ಅಗಲ ಎರಡರಲ್ಲೂ ಅರ್ಧ ಡಿಗ್ರಿಯೇ. ಅವರ ನಕ್ಷೆಗಳಲ್ಲಿ ಸೂರ್ಯ ನೆಲದಿಂದ ಸುಮಾರು 5,000 ಕಿ.ಮೀ. ಮೇಲೆ ತಿರುಗುತ್ತಾನೆ. ಅಷ್ಟು ಎತ್ತರದ ವಸ್ತು ದಿಗಂತದಿಂದ 1 ಡಿಗ್ರಿ ಮೇಲೆ ಕಾಣಬೇಕಾದರೂ ಅದು 2,86,000 ಕಿ.ಮೀ. ಆಚೆಗೆ ಹೋಗಿರಬೇಕು. ಅದೇ ನಕ್ಷೆಯಲ್ಲಿ ಉತ್ತರ ಧ್ರುವದಿಂದ ಹೊರ ಅಂಚಿಗೆ ಇರುವ ದೂರ ಸುಮಾರು 20,000 ಕಿ.ಮೀ.