ಕೋರ್ಟಿನ ರಾಜಿಯಿಂದ ಹಾಳಾದ ನದಿ, ಸಮುದ್ರ ನಿಜವಾಗಿ ಸರಿಹೋಗುತ್ತಾ?

ಪ್ರಶ್ನೆ:
ಕಂಪನಿಯೊಂದು ನದಿಯನ್ನೋ ಸಮುದ್ರವನ್ನೋ ಹಾಳು ಮಾಡುತ್ತದೆ, ಕೇಸು ಬೀಳುತ್ತದೆ, ವರ್ಷಗಟ್ಟಲೆ ಎಳೆದಾಡಿ ಕೊನೆಗೆ ರಾಜಿಯಾಗುತ್ತದೆ. ಪೇಪರಿನಲ್ಲಿ ದೊಡ್ಡ ಮೊತ್ತ ಬರುತ್ತದೆ, ಅಲ್ಲಿಗೆ ಸುದ್ದಿ ಮುಗೀತು. ಆಮೇಲೆ ನೀರು, ಮಣ್ಣು, ಮೀನು ಮೊದಲಿನ ಹಾಗೆ ಆಗಿದ್ದು ಎಲ್ಲಾದರೂ ಇದೆಯಾ? ಇಲ್ಲ ಅಂದರೆ ರಾಜಿಯೇ ಬೇಡ, ಕೊನೆ ತನಕ ಹೋರಾಡಬೇಕು ಅನಿಸುತ್ತದೆ. ತಿಳಿದವರು ಉದಾಹರಣೆ ಕೊಟ್ಟು ಹೇಳಿ.

ಉತ್ತರ 1:
ಭೋಪಾಲ್ ನೋಡಿ. 1984ರಲ್ಲಿ ಅನಿಲ ಸೋರಿತು, 1989ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 47 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದು ಸತ್ತವರ ಮನೆಯವರಿಗೆ, ನೊಂದವರಿಗೆ ಕೊಡುವ ಪರಿಹಾರ. ಅದೂ ಸಾಲಲಿಲ್ಲ, ಇನ್ನಷ್ಟು ಕೊಡಿಸಿ ಎಂದು ಸರ್ಕಾರ ಹಾಕಿದ ಅರ್ಜಿ 2023ರಲ್ಲಿ ವಜಾ ಆಯಿತು. ಇನ್ನು ಕಾರ್ಖಾನೆಯ ಆವರಣದಲ್ಲಿ ಮೊದಲಿನಿಂದ ಸುರಿದಿದ್ದ ವಿಷವನ್ನು ತೆಗೆಯುವ ಕೆಲಸಕ್ಕೆ ಆ ರಾಜಿಯಲ್ಲಿ ಜಾಗವೇ ಇರಲಿಲ್ಲ. ಅಲ್ಲಿದ್ದ ಸುಮಾರು 337 ಟನ್ ತ್ಯಾಜ್ಯ ಸುಡುವುದಕ್ಕೆಂದು ಮಧ್ಯಪ್ರದೇಶದ್ದೇ ಆದ ಪೀಥಂಪುರಕ್ಕೆ ಹೊರಟಿದ್ದು 2025ರ ಜನವರಿಯಲ್ಲಿ! ಮಣ್ಣಿಗೆ, ಅಂತರ್ಜಲಕ್ಕೆ ಇಳಿದ ವಿಷ ಇನ್ನೂ ಅಲ್ಲೇ ಇದೆ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಉತ್ತರ 2:
ಹೌದು, ಆದರೆ ಕೊನೆ ತನಕ ಹೋರಾಡಿದರೆ ಗೆಲುವು ಗ್ಯಾರಂಟಿ ಅಂದುಕೊಳ್ಳಬೇಡಿ. 1989ರಲ್ಲಿ ಅಮೆರಿಕದ ಅಲಾಸ್ಕಾದಲ್ಲಿ ಎಕ್ಸಾನ್ ಕಂಪನಿಯ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಕಚ್ಚಾ ತೈಲ ಚೆಲ್ಲಿತಲ್ಲ, ಅಲ್ಲಿ ಎರಡೂ ನಡೆದಿವೆ. ಅಮೆರಿಕದ ಕೇಂದ್ರ ಸರ್ಕಾರ ಮತ್ತು ಅಲಾಸ್ಕಾ ರಾಜ್ಯ ಸರ್ಕಾರ 1991ರಲ್ಲೇ 90 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡವು, ಆ ದುಡ್ಡಿನಲ್ಲಿ ಸಂಶೋಧನೆ ನಡೆಯಿತು, ದೊಡ್ಡ ದೊಡ್ಡ ಕಾಡುಗಳನ್ನು ಕೊಂಡು ಉಳಿಸಿದರು. ಮೀನುಗಾರರು ಕೋರ್ಟಿನಲ್ಲೇ ಹೋರಾಡಿದರು. 1994ರಲ್ಲಿ ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪು) ದಂಡ ರೂಪದಲ್ಲಿ 500 ಕೋಟಿ ಡಾಲರ್ ಕೊಡಿ ಅಂದಿತು, 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಸುಮಾರು 50 ಕೋಟಿಗೆ ಇಳಿಸಿತು. ಅಷ್ಟರಲ್ಲಿ ಎಷ್ಟೋ ಜನ ಮೀನುಗಾರರು ತೀರಿಕೊಂಡಿದ್ದರು.

ಸರ್ಕಾರದ ರಾಜಿಯಲ್ಲೂ ಒಂದು ತೊಡಕಿತ್ತು. ಮುಂದೆ ಗೊತ್ತಾಗುವ ಹಾನಿಗೆ ಇನ್ನೂ 10 ಕೋಟಿ ತನಕ ಕೇಳಬಹುದು ಎಂಬ ಷರತ್ತು ಹಾಕಿದ್ದರು. ಒಳ್ಳೆಯ ಷರತ್ತೇ. 1993ರಲ್ಲಿ ಹೆರಿಂಗ್ ಎಂಬ ಮೀನಿನ ಸಂಖ್ಯೆ ಕುಸಿದುಬಿತ್ತು, ಆದರೆ ಅದಕ್ಕೆ ತೈಲ ಕಾರಣವೋ ರೋಗ ಕಾರಣವೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ದಡದ ಕಲ್ಲುಗಳ ಕೆಳಗೆ ತೈಲ ಉಳಿದಿದೆ ಎಂದು 2006ರಲ್ಲಿ ಹೆಚ್ಚುವರಿ ದುಡ್ಡು ಕೇಳಿದರು, 2015ರಲ್ಲಿ ಆ ಬೇಡಿಕೆಯನ್ನೇ ಕೈಬಿಟ್ಟರು.

ಉತ್ತರ 3:
ದುಡ್ಡಿಗಿಂತ ಕೆಲಸ ಬರೆಸಿಕೊಂಡ ರಾಜಿ ಮೇಲು ಅನ್ನೋದು ನನ್ನ ಅಭಿಪ್ರಾಯ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿ 1977ರ ತನಕ ಪಿಸಿಬಿ ಎಂಬ ರಾಸಾಯನಿಕ ಬಿಟ್ಟಿತ್ತು. ರಾಜಿಯ ಪ್ರಕಾರ ಕಂಪನಿಯೇ 2009ರಿಂದ 2015ರ ತನಕ ನದಿಯ ಹೂಳೆತ್ತಿತು, ಮೇಲ್ವಿಚಾರಣೆ ಸರ್ಕಾರದ ಪರಿಸರ ಸಂಸ್ಥೆಯದು. ಪೂರ್ತಿ ಸರಿಹೋಗಿಲ್ಲ ನಿಜ, ಅಲ್ಲಿನ ಮೀನು ತಿನ್ನಬೇಡಿ ಎಂಬ ಎಚ್ಚರಿಕೆ ಇನ್ನೂ ಇದೆ. ಆದರೆ ರಾಶಿಗಟ್ಟಲೆ ವಿಷ ನದಿಯಿಂದ ಹೊರಬಂತಲ್ಲ, ಅದು ಸಣ್ಣ ಮಾತಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಜನ ಸುಮ್ನೆ ಮೊತ್ತ ನೋಡಿ ಖುಷಿಪಡದೆ, ಯಾರು ಏನು ಮಾಡಬೇಕು ಅಂತ ಬರೆದಿದ್ದಾರೆ ಎಂದು ನೋಡಬೇಕು, ಅಲ್ವಾ? ಆದರೆ ಸಹಿ ಬೀಳುವ ಮೊದಲು ಅದು ನಮ್ಮ ಕಣ್ಣಿಗೆ ಬೀಳೋದು ಹೇಗೆ?

ಉತ್ತರ 3:
ಅಮೆರಿಕದಲ್ಲಿ ಕೇಂದ್ರ ಸರ್ಕಾರ ಮಾಲಿನ್ಯದ ಕೇಸಿನಲ್ಲಿ ರಾಜಿಯಾಗುವಾಗ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು, ಆಕ್ಷೇಪ ಬಂದರೆ ಸರ್ಕಾರ ಹಿಂದೆ ಸರಿಯಬಹುದು. ಇಂಥ ನಿಯಮ ಎಲ್ಲ ಕಡೆ ಬೇಕು. ಇಲ್ಲದ ಕಡೆ ಮೊದಲು ಅದನ್ನೇ ಕೇಳಿ. ಕರಡು ಸಿಕ್ಕರೆ ಶುಚಿ ಮಾಡುವವರು ಯಾರು, ಅಳೆಯುವವರು ಯಾರು, ಎಷ್ಟು ವರ್ಷ, ಗಡುವು ತಪ್ಪಿದರೆ ದಂಡ ಎಷ್ಟು ಎಂದು ಓದಿ. ಅಳೆಯುವವರು ಕಂಪನಿಯವರೇ ಆಗಿದ್ದರೆ ಆಕ್ಷೇಪ ಬರೆದು ಕಳಿಸಿ.