ಎಂಆರ್‌ಐ ವರದಿಯ ‘ಎನ್‌ಹಾನ್ಸ್‌ಮೆಂಟ್’: ‘ವರ್ಧನೆ’ ಎಂದರೆ ಗಡ್ಡೆ ಬೆಳೆದಿದೆ ಎಂದಾಗದೇ?

ಎಲ್ಲರಿಗೂ ನಮಸ್ಕಾರ.

ತುಮಕೂರಿನ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ, ಮಿದುಳು ಗಡ್ಡೆಯ ರೋಗಿಗಳ ಮನೆಯವರಿಗೆ ಕೊಡಲು ಎರಡು ಪುಟದ ಕನ್ನಡ ಹಾಳೆ ಸಿದ್ಧವಾಗುತ್ತಿದೆ. ಕರಡಿನಲ್ಲಿ ಹೀಗೊಂದು ವಾಕ್ಯವಿದೆ: ‘ಕಾಂಟ್ರಾಸ್ಟ್ ನಂತರ ಗಡ್ಡೆಯು ವರ್ಧನೆಯನ್ನು ತೋರಿಸುತ್ತದೆ.’ ಕಾಂಟ್ರಾಸ್ಟ್ ಎಂದರೆ ಚಿತ್ರ ಸ್ಪಷ್ಟವಾಗಲೆಂದು ರಕ್ತಕ್ಕೆ ಕೊಡುವ ಔಷಧಿ, ‘ವರ್ಧನೆ’ ಇಂಗ್ಲಿಷಿನ ಎನ್‌ಹಾನ್ಸ್‌ಮೆಂಟ್‌ಗೆ ಇಟ್ಟ ಪದ. ನಿಘಂಟಿನ ಲೆಕ್ಕದಲ್ಲಿ ತಪ್ಪಿಲ್ಲ. ಓದಿದವರು ಮಾತ್ರ ‘ಗಡ್ಡೆ ದೊಡ್ಡದಾಗಿದೆ’ ಎಂದೇ ತಿಳಿದಾರು. ‘ಬೆಳಗುವಿಕೆ’ ಎಂದು ಬದಲಿಸಬಹುದೇ? ಜೊತೆಗೆ ‘ಬಣ್ಣದ ಇಂಜೆಕ್ಷನ್’, ‘ನರಕ್ಕೆ ಕೊಡುವ ಔಷಧಿ’ ಎಂಬ ಮಾತುಗಳೂ ಇವೆ. ಜನ ಆಡುವ ಮಾತೇ ಆದ್ದರಿಂದ ಹಾಗೇ ಬಿಡಬಹುದೇ?

ಉತ್ತರ:

‘ವರ್ಧನೆ’ ಖಂಡಿತ ಬೇಡ. ಅಭಿವರ್ಧನೆ, ಸಂವರ್ಧನೆ, ವರ್ಧಕ, ಎಲ್ಲೆಡೆಯೂ ಅದರ ಅರ್ಥ ಬೆಳೆಯುವುದು, ಹೆಚ್ಚುವುದು. ಎನ್‌ಹಾನ್ಸ್‌ಮೆಂಟ್ ಹೇಳುವ ಸಂಗತಿಯೇ ಬೇರೆ. ಸ್ವಸ್ಥ ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆ ಬಿಗಿಯಾಗಿ ಹೆಣೆದುಕೊಂಡಿರುತ್ತದೆ. ರಕ್ತಕ್ಕೆ ಕೊಟ್ಟ ಗ್ಯಾಡೋಲಿನಿಯಂ, ಅಂದರೆ ಎಂಆರ್‌ಐ ಕಾಂಟ್ರಾಸ್ಟ್ ಔಷಧಿ, ಅದನ್ನು ದಾಟಲಾರದು. ಗಡ್ಡೆ ಹುಟ್ಟಿಸಿಕೊಂಡ ನಾಳಗಳು ಹಲವು ಬಾರಿ ಸೋರುತ್ತವೆ. ಸೋರಿದಲ್ಲಿ ಗ್ಯಾಡೋಲಿನಿಯಂ ಹೊರಬಂದು ಸುತ್ತಲಿನ ನೀರಿನ ಟಿ1 ಕಾಲವನ್ನು (ಸ್ಕ್ಯಾನರ್ ಕದಲಿಸಿದ ನೀರಿನ ಕಣಗಳು ಮೊದಲ ಸ್ಥಿತಿಗೆ ಮರಳಲು ಹಿಡಿಯುವ ಸಮಯ) ತಗ್ಗಿಸುತ್ತದೆ, ಅದನ್ನು ಆಧರಿಸಿದ ಟಿ1 ಚಿತ್ರದಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಎಂದರೆ ಕಾಣುವುದು ನಾಳದ ಸೋರಿಕೆ. ಗಾತ್ರ ಅಲ್ಲ, ಬೆಳವಣಿಗೆಯಂತೂ ಅಲ್ಲವೇ ಅಲ್ಲ.

ಈ ಬಿಳುಪು ಮತ್ತು ಗಡ್ಡೆಯ ಬೆಳವಣಿಗೆ ವಿರುದ್ಧ ದಿಕ್ಕಿಗೆ ಹೋಗುವ ಸಂದರ್ಭಗಳಿವೆ, ಅದಕ್ಕೇ ಈ ಪದದ ಬಗ್ಗೆ ಇಷ್ಟು ಒತ್ತಿ ಹೇಳಬೇಕಾಗಿದೆ. ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿದ ಮೊದಲ ಮೂರು ತಿಂಗಳಲ್ಲಿ, ಚಿಕಿತ್ಸೆಯಿಂದಲೇ ನಾಳಗಳು ಸೋರಿ ಬಿಳುಪು ಹಿಗ್ಗಬಹುದು. ಆಗ ಗಡ್ಡೆ ಬೆಳೆದೇ ಇರದಿರಬಹುದು. ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಝುಮ್ಯಾಬ್ ಎಂಬ ಔಷಧಿ ಕೊಟ್ಟಾಗ ಇದರ ತಿರುಗುಮುರುಗು: ಔಷಧಿ ಸೋರಿಕೆಯನ್ನು ಮುಚ್ಚುತ್ತದೆ, ಬಿಳುಪು ಕುಗ್ಗುತ್ತದೆ, ಗಡ್ಡೆ ಒಳಗೊಳಗೇ ಹರಡುತ್ತಿರಬಹುದು. ‘ವರ್ಧನೆ ಕಡಿಮೆಯಾಗಿದೆ’ ಎಂದು ಓದಿದ ಮನೆಯವರು ಕಾಯಿಲೆ ಇಳಿಯಿತೆಂದು ನಂಬಿ ಮುಂದಿನ ಸ್ಕ್ಯಾನ್ ತಪ್ಪಿಸಿದರೆ ಆ ಹೊಣೆ ಪದದ್ದೂ ಹೌದು.

‘ಬೆಳಗು’ ಸೊಗಸಾದ ಪದ, ಒಪ್ಪುತ್ತೇನೆ. ಆದರೆ ‘ಬೆಳಗಿದೆ’ ಮತ್ತು ‘ಬೆಳೆದಿದೆ’ ಎಷ್ಟು ಹತ್ತಿರ ನೋಡಿ. ಸಣ್ಣಕ್ಷರದ ಜೆರಾಕ್ಸ್ ಪ್ರತಿಯನ್ನು ಆತಂಕದಲ್ಲಿ ಓದುವವರ ಕಣ್ಣು ಜಾರುವುದು ಅಲ್ಲೇ. ‘ಹೊಳೆಯುತ್ತದೆ’ ಎನ್ನೋಣವೆಂದರೆ ‘ಹೊಳೆ’ ಎಂದರೆ ನದಿಯೂ ಆಯಿತು. ನನ್ನ ಸಲಹೆ ‘ಬಿಳುಪೇರು’. ರಂಗೇರು, ಕಾವೇರು ಇರುವ ಭಾಷೆಗೆ ಇದು ಹೊರಗಿನದಲ್ಲ. ‘ಔಷಧಿ ಕೊಟ್ಟ ಮೇಲೆ ಬಿಳುಪೇರಿದೆ’ ಎನ್ನುವಾಗ ಮೊದಲಿನ ಮೂರು ಪದ ಬಿಡಬಾರದು. ಕೊಬ್ಬು, ಕೆಲವು ದಿನ ಹಳೆಯದಾದ ರಕ್ತಸ್ರಾವ ಇವು ಔಷಧಿ ಇಲ್ಲದೆಯೂ ಟಿ1ರಲ್ಲಿ ಬೆಳ್ಳಗಿರುತ್ತವೆ. ಅದಕ್ಕಾಗಿಯೇ ಔಷಧಿಗೆ ಮೊದಲೊಂದು, ಆಮೇಲೊಂದು ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ನೋಡುವುದು. ‘ಏರು’ ಎಂಬ ಕ್ರಿಯಾಪದ ಆ ಹೋಲಿಕೆಯನ್ನು ಹೊತ್ತಿದೆ, ಬರಿಯ ‘ಬೆಳ್ಳಗಿದೆ’ ಹೊತ್ತಿಲ್ಲ.

‘ಬಿಳುಪೇರದಿದ್ದರೆ ಗಡ್ಡೆಯಲ್ಲ’ ಎಂಬರ್ಥವೂ ಹಾಳೆಯಲ್ಲಿ ನುಸುಳಬಾರದು. ಕೆಳದರ್ಜೆಯ, ಅಂದರೆ ನಿಧಾನವಾಗಿ ಬೆಳೆಯುವ, ಗ್ಲಿಯೋಮಾ ಎಂಬ ಮಿದುಳು ಗಡ್ಡೆಗಳಲ್ಲಿ ಹಲವು ಬಿಳುಪೇರುವುದಿಲ್ಲ, ಫ್ಲೇರ್ ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ಪಿಟ್ಯುಟರಿ ಗ್ರಂಥಿಯಾದರೋ ಆರೋಗ್ಯವಾಗಿದ್ದರೂ ಬಿಳುಪೇರುತ್ತದೆ, ಅಲ್ಲಿ ಆ ಬಿಗಿ ಗೋಡೆಯೇ ಇಲ್ಲ.

‘ಬಣ್ಣದ ಇಂಜೆಕ್ಷನ್’ ತೆಗೆದುಹಾಕಿ. ಎಂಆರ್‌ಐ ಔಷಧಿಗೆ ಬಣ್ಣವಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ: ಸಿಟಿ ಸ್ಕ್ಯಾನಿಗೆ ಕೊಡುವುದು ಅಯೋಡಿನ್ ಇರುವ ಔಷಧಿ, ಎಂಆರ್‌ಐಗೆ ಗ್ಯಾಡೋಲಿನಿಯಂ, ಜನರ ಬಾಯಲ್ಲಿ ಎರಡೂ ‘ಡೈ’. ‘ಡೈ ಅಲರ್ಜಿ ಇದೆಯೇ?’ ಎಂದು ಒಂದೇ ಪ್ರಶ್ನೆ ಅಚ್ಚಾದರೆ ಉತ್ತರ ಯಾವುದಕ್ಕೆ ಅನ್ವಯಿಸುತ್ತದೆಂದು ಟೆಕ್ನಿಷಿಯನ್‌ಗೆ ಗೊತ್ತಾಗದು. ಎರಡು ಪ್ರಶ್ನೆಯಾಗಿ ಒಡೆಯಿರಿ. ಪ್ರಮಾಣ ಬರೆಯುವುದಾದರೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.1 ಮಿಲಿಮೋಲ್. 0.5 ಮೋಲಾರ್ (ಮಿಲಿಲೀಟರಿಗೆ 0.5 ಮಿಲಿಮೋಲ್) ದ್ರಾವಣದಲ್ಲಿ ಅದು ಕಿಲೋಗೆ 0.2 ಮಿಲಿಲೀಟರ್, 60 ಕಿಲೋ ತೂಗುವವರಿಗೆ 12 ಮಿಲಿಲೀಟರ್. 1 ಮೋಲಾರ್ ದ್ರಾವಣವಾದರೆ ಇದರ ಅರ್ಧ ಸಾಕು. ಆದ್ದರಿಂದ ಹಾಳೆಯಲ್ಲಿ ಬರೀ ಮಿಲಿಲೀಟರ್ ಬೇಡ. ಕಿಡ್ನಿ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿದ್ದರೆ ಮೊದಲೇ ತಿಳಿಸಬೇಕೆಂಬ ಸಾಲು ಮಾತ್ರ ದಪ್ಪಕ್ಷರದಲ್ಲಿರಲಿ.

‘ನರ’ದ ವಿಚಾರ. ವಾರ್ಡಿನಲ್ಲಿ ‘ನರ ಸಿಗ್ತಿಲ್ಲ’ ಎಂದರೆ ಸೂಜಿ ಹಾಕಲು ರಕ್ತನಾಳ ಸಿಗುತ್ತಿಲ್ಲ ಎಂದು. ‘ನರ ಎಳೀತಿದೆ’ ಎಂದರೆ ಸ್ನಾಯುಸೆಳೆತ. ‘ನರರೋಗ’ದಲ್ಲಿ ಮಾತ್ರ ಅದು ನಿಜವಾದ ನರ. ಆಡುಮಾತಿನಲ್ಲಿ ಸಂದರ್ಭ ಕೈಹಿಡಿಯುತ್ತದೆ. ಮಿದುಳಿನ ಸ್ಕ್ಯಾನ್ ಹಾಳೆಯಲ್ಲಿ ‘ನರಕ್ಕೆ ಔಷಧಿ’ ಎಂದರೆ ಮಿದುಳಿನ ನರಕ್ಕೇ ಚುಚ್ಚುತ್ತಾರೆಂಬ ಭಯ ಹುಟ್ಟುತ್ತದೆ. ‘ಕೈಯ ರಕ್ತನಾಳಕ್ಕೆ’ ಎಂದು ಬರೆಯಿರಿ.

ಕೋಲಾರದಿಂದ ಒಂದು ಸೇರ್ಪಡೆ:

‘ಬಿಳುಪೇರು’ ಒಪ್ಪಿಗೆ. ‘ಗಡ್ಡೆ’ಯ ಮೇಲೂ ಒಂದು ಮಾತು ಆಗಬೇಕು. ಇದೇ ಹಾಳೆ ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಗೆ ಬಂದರೆ ಓದುವವರಲ್ಲಿ ಅನೇಕರ ಮನೆಮಾತು ತೆಲುಗು. ತೆಲುಗಿನ ‘ಗಡ್ಡ’ ಕೀವುಗುಳ್ಳೆಗೂ ಸಲ್ಲುತ್ತದೆ, ‘ಸೆಗಗಡ್ಡ’ ಎಂದರೆ ಕುರುವೇ. ಟ್ಯೂಮರಿಗೆ ಅಲ್ಲಿ ‘ಕಣಿತಿ’ ಎಂಬ ಬೇರೆ ಪದವಿದೆ. ಇದು ಬರಿಯ ಭಾಷೆಯ ತೊಡಕಲ್ಲ. ಗ್ಲಿಯೋಬ್ಲಾಸ್ಟೋಮಾ, ಬೇರೆಡೆಯಿಂದ ಹರಡಿದ ಕ್ಯಾನ್ಸರ್, ಕೀವು ತುಂಬಿದ ಬಾವು, ಕ್ಷಯದ ಗಂಟು, ಲಾಡಿಹುಳುವಿನ ಮರಿಯಿಂದಾದ ಚೀಲ, ಇವೆಲ್ಲವೂ ಉಂಗುರದ ಹಾಗೆ ಬಿಳುಪೇರಬಲ್ಲವು. ಕೀವಿನ ಬಾವನ್ನು ಬೇರ್ಪಡಿಸಲು ಹೆಚ್ಚಾಗಿ ನೆರವಾಗುವುದು ನೀರಿನ ಅಣುಗಳ ಚಲನೆ ತೋರಿಸುವ ಡಿಫ್ಯೂಷನ್ ಚಿತ್ರ: ಕೀವು ಮಂದವಾದ್ದರಿಂದ ಅದರೊಳಗೆ ನೀರಿನ ಅಣುಗಳ ಓಡಾಟಕ್ಕೆ ತಡೆ, ನಡುಭಾಗ ಬೆಳ್ಳಗೆ ಕಾಣುತ್ತದೆ, ಆ ಚಲನೆಯ ಪ್ರಮಾಣ ಲೆಕ್ಕಹಾಕಿ ತೋರಿಸುವ ಎಡಿಸಿ ನಕ್ಷೆಯಲ್ಲಿ ಕಪ್ಪಗೆ. ಕರಡಿನಲ್ಲಿ ಇದಕ್ಕೆ ‘ಪ್ರಸರಣ ನಿರ್ಬಂಧ’ ಎಂದಿದ್ದರೆ ತೆಗೆಯಿರಿ. ಪ್ರಸರಣ ಎಂದರೆ ಜನಕ್ಕೆ ಪತ್ರಿಕೆ, ಟಿವಿ ನೆನಪಾಗುತ್ತದೆ. ‘ನೀರಿನ ಓಡಾಟಕ್ಕೆ ತಡೆ’ ಸಾಕು. ವರದಿಯಲ್ಲಿ ಅಸಹಜ ಭಾಗಕ್ಕೆ ಬಳಸುವ ‘ಲೀಷನ್’ಗೆ ‘ಗಾಯ’ವೂ ಬೇಡ, ಯಾವಾಗ ಬಿದ್ದರು ಎಂದು ಹುಡುಕಲು ತೊಡಗುತ್ತಾರೆ. ‘ಬೇರೆಯಾಗಿ ಕಾಣುವ ಭಾಗ’ ಎನ್ನಿ.

ಹಾಗಾದರೆ ಕರಡಿನ ವಾಕ್ಯ ಹೀಗಿರಲಿ: ‘ಕೈಯ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಔಷಧಿ ಕೊಟ್ಟ ಮೇಲೆ ಈ ಭಾಗದ ಅಂಚು ಉಂಗುರದಂತೆ ಬಿಳುಪೇರಿದೆ. ಇದು ಟ್ಯೂಮರ್ ಗಡ್ಡೆಯೋ ಕೀವಿನ ಬಾವೋ ಎಂಬುದನ್ನು ಉಳಿದ ಚಿತ್ರಗಳ ಜೊತೆ ಸೇರಿಸಿ ವೈದ್ಯರು ತಿಳಿಸುತ್ತಾರೆ. ಗಾತ್ರ ಹೆಚ್ಚಿದೆಯೇ ಎಂಬುದನ್ನು ಹಿಂದಿನ ಸ್ಕ್ಯಾನಿನ ಅಳತೆಯೊಂದಿಗೆ ಹೋಲಿಸಿ ಪ್ರತ್ಯೇಕವಾಗಿ ಬರೆದಿರುತ್ತದೆ.’